ಮನೆಯ ಕಾವಲು ಕ್ಯಾಮೆರಾಗೆ ಪ್ರತ್ಯೇಕ ಸ್ಮಾರ್ಟ್ ಹಬ್ ಬೇಕೇ? ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಕ್ಯಾಮೆರಾ ಹಾಕಿಸುವ ಮಾತು ಮನೆಮನೆಯಲ್ಲಿ ಏಳುತ್ತದೆ. ಸುಲಿದು, ಬೇಯಿಸಿ, ಅಂಗಳದಲ್ಲಿ ಹರವಿದ ಅಡಿಕೆಯಲ್ಲಿ ಇಡೀ ವರ್ಷದ ದುಡಿಮೆ ಇರುತ್ತದೆ. ಅದನ್ನು ರಾತ್ರಿಯಿಡೀ ಕಾಯಲು ಮೊದಲಿನಂತೆ ಮನೆತುಂಬ ಜನರಿಲ್ಲ; ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಊರಿನಲ್ಲಿ ಉಳಿದವರು ವಯಸ್ಸಾದವರು. ಹೀಗೆ ಕ್ಯಾಮೆರಾ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆಗಳಲ್ಲಿ ಒಂದು, ಇದರ ಜೊತೆಗೆ ಸ್ಮಾರ್ಟ್ ಹಬ್, ಎಂದರೆ ಉಪಕರಣಗಳನ್ನು ರೂಟರಿಗೆ ಜೋಡಿಸುವ ನಡುವಿನ ಪೆಟ್ಟಿಗೆ, ಬೇಕೇ ಬೇಡವೇ ಎಂಬುದು.

ನೇರವಾಗಿ ಹೇಳುವುದಾದರೆ, ಕರೆಂಟಿನಲ್ಲಿ ನಡೆಯುವ ಬಹುಪಾಲು ವೈ-ಫೈ ಕ್ಯಾಮೆರಾಗಳಿಗೂ ತಂತಿ ಎಳೆದು ಹಾಕುವ ಕ್ಯಾಮೆರಾಗಳಿಗೂ ಹಬ್ ಬೇಕಿಲ್ಲ. ಬ್ಯಾಟರಿಯಲ್ಲಿ ನಡೆಯುವ ಕೆಲವು ಮಾದರಿಗಳಿಗೆ ಮಾತ್ರ ಅದು ಕಡ್ಡಾಯ. ಇದು ತಿಳಿಯದೆ ನಾನು ಮೊದಲ ಬಾರಿ ಶಿವಮೊಗ್ಗದ ಒಂದು ಅಂಗಡಿಯವರ ಮಾತು ನಂಬಿ ಎರಡು ವೈ-ಫೈ ಕ್ಯಾಮೆರಾಗಳ ಜೊತೆ ಒಂದು ಹಬ್ ಕೊಂಡು ತಂದೆ. ಆ ಕ್ಯಾಮೆರಾಗಳು ನೇರವಾಗಿ ರೂಟರಿಗೆ ಸೇರುವಂಥವು. ಹಬ್ಬಿಗೂ ಅವುಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಮರು ವರ್ಷ ಪುಷ್ಯ ಮಳೆಯ ಒಂದು ರಾತ್ರಿ ಕರೆಂಟು ಹೋದಾಗ ತೋಟದ ಪಂಪ್‌ಸೆಟ್ಟಿನ ಕೇಬಲನ್ನು ಯಾರೋ ಕತ್ತರಿಸಿಕೊಂಡು ಹೋದರು. ರೂಟರು ಆರಿತ್ತು, ಕ್ಯಾಮೆರಾ ಆರಿತ್ತು, ಹಬ್ಬೂ ಆರಿತ್ತು. ಹಬ್ಬಿಗೆ ಕೊಟ್ಟ ಹಣದಲ್ಲಿ ಕ್ಯಾಮೆರಾ ಮತ್ತು ರೂಟರಿಗೆ ಒಂದು ಚಿಕ್ಕ ಬ್ಯಾಟರಿ ಬ್ಯಾಕಪ್ ತಂದಿದ್ದರೆ ಆ ರಾತ್ರಿಯ ದೃಶ್ಯ ನಮ್ಮ ಕೈಯಲ್ಲಿರುತ್ತಿತ್ತು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಮೂರು ಪೆಟ್ಟಿಗೆಗಳನ್ನು ಬೇರೆಬೇರೆಯಾಗಿ ಗುರುತಿಸಿ

ಗೊಂದಲದ ಮೂಲ ಇರುವುದು ಹೆಸರುಗಳಲ್ಲಿ. ರೂಟರು ಎಂಬುದು ಮನೆಯೊಳಗಿನ ಉಪಕರಣಗಳನ್ನು ಒಂದಕ್ಕೊಂದು ಜೋಡಿಸಿ ಹೊರಗಿನ ಇಂಟರ್‌ನೆಟ್ಟಿಗೂ ದಾರಿ ಕೊಡುವ ಪೆಟ್ಟಿಗೆ. ಫೈಬರ್ ಸಂಪರ್ಕ ಪಡೆದ ಮನೆಗಳಲ್ಲಿ ಇದು ಈಗಾಗಲೇ ಇರುತ್ತದೆ. ರೆಕಾರ್ಡರ್ ಎಂಬುದು ಹಾರ್ಡ್ ಡಿಸ್ಕ್ ಇರುವ ಪೆಟ್ಟಿಗೆ. ಹಳೆಯ ಬಗೆಯ ಅನಲಾಗ್ ಕ್ಯಾಮೆರಾಗಳಿಗೆ ಡಿವಿಆರ್, ನೆಟ್‌ವರ್ಕ್ ಕ್ಯಾಮೆರಾಗಳಿಗೆ ಎನ್‌ವಿಆರ್ ಎನ್ನುತ್ತಾರೆ. ಹಬ್ ಎಂಬುದು ಈ ಎರಡೂ ಅಲ್ಲ. ಬಾಗಿಲ ಸೆನ್ಸರು, ಸೈರನ್, ಸ್ಮಾರ್ಟ್ ಬಲ್ಬುಗಳಂಥ ಸಣ್ಣ ಉಪಕರಣಗಳು ಜಿಗ್‌ಬಿ ಅಥವಾ ಜೆಡ್-ವೇವ್ ಎಂಬ ಬೇರೆಯೇ ರೇಡಿಯೋ ಭಾಷೆಯಲ್ಲಿ ಮಾತನಾಡುತ್ತವೆ. ಅದನ್ನು ಕೇಳಿ ರೂಟರಿಗೆ ತಲುಪಿಸುವ ದುಭಾಷಿಯೇ ಹಬ್.

ಜಿಗ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 250 ಕಿಲೋಬಿಟ್. 1080ಪಿ ಗುಣಮಟ್ಟದ ಒಂದು ಕ್ಯಾಮೆರಾದ ವಿಡಿಯೋಗೆ ಸಾಮಾನ್ಯವಾಗಿ 2 ಮೆಗಾಬಿಟ್‌ನಷ್ಟು, ಎಂದರೆ ಅದರ ಎಂಟು ಪಟ್ಟು, ಬೇಕು. ಆದ್ದರಿಂದ ಅಂಥ ಹಬ್ಬಿನ ಮೂಲಕ ವಿಡಿಯೋ ಸಾಗಿಸುವುದು ಸಾಧ್ಯವೇ ಇಲ್ಲ. ಅಂಗಡಿಯವರು ಜಿಗ್‌ಬಿ ಹಬ್ಬನ್ನು ಕ್ಯಾಮೆರಾಗೆಂದು ಕೊಡಲು ಬಂದರೆ ಈ ಒಂದು ಲೆಕ್ಕವನ್ನು ನೆನಪಿಟ್ಟುಕೊಂಡರೆ ಸಾಕು.

ಹಬ್ ನಿಜವಾಗಿ ಬೇಕಾಗುವುದು ಯಾವಾಗ?

ಮೊದಲನೆಯದು ಬ್ಯಾಟರಿ ಕ್ಯಾಮೆರಾ. ವೈ-ಫೈ ಸಂಪರ್ಕವನ್ನು ಸದಾ ಎಚ್ಚರವಾಗಿಟ್ಟರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಹಾಗಾಗಿ ಕೆಲವು ಕಂಪನಿಗಳು ಕ್ಯಾಮೆರಾವನ್ನು ಮಲಗಿಸಿಟ್ಟು, ಚಲನೆ ಕಂಡಾಗ ಮಾತ್ರ ಏಳುವಂತೆ ಮಾಡಿ, ಮನೆಯೊಳಗಿನ ತಮ್ಮದೇ ಪೆಟ್ಟಿಗೆಯ ಜೊತೆ ಸಂಪರ್ಕ ಇಟ್ಟುಕೊಳ್ಳುತ್ತವೆ. ಬ್ಲಿಂಕ್ ಕಂಪನಿಯ ಹೊರಾಂಗಣ ಕ್ಯಾಮೆರಾಗಳ ಸಿಂಕ್ ಮಾಡ್ಯೂಲ್, ಯೂಫಿಕ್ಯಾಮ್ 2ರ ಹೋಂಬೇಸ್, ಆರ್ಲೋ ಪ್ರೊ ಮತ್ತು ಪ್ರೊ 2ರ ಬೇಸ್ ಸ್ಟೇಷನ್ ಇಂಥವು. ಟಿಪಿ-ಲಿಂಕ್‌ನ ಟ್ಯಾಪೊ ಸರಣಿಯಲ್ಲೇ ಎರಡೂ ಬಗೆ ಸಿಗುತ್ತವೆ: ಸಿ200 ನೇರವಾಗಿ ರೂಟರಿಗೆ ಸೇರುತ್ತದೆ, ಬ್ಯಾಟರಿಯ ಸಿ420ಕ್ಕೆ ಹಬ್ ಬೇಕು. ಒಂದೇ ಹೆಸರಿನಡಿ ಎರಡೂ ಇರುವುದರಿಂದ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ಓದದೆ ಕೊಳ್ಳಬಾರದು.

ಎರಡನೆಯದು ಆಪಲ್ ಹೋಂ ವ್ಯವಸ್ಥೆ. ಐಫೋನಿನ ಹೋಂ ಆ್ಯಪಿನಲ್ಲಿ ಹೋಂಕಿಟ್ ಸೆಕ್ಯೂರ್ ವಿಡಿಯೋ ರೆಕಾರ್ಡಿಂಗ್ ಬೇಕೆಂದಾದರೆ ಆಪಲ್ ಟಿವಿ ಅಥವಾ ಹೋಂಪಾಡ್ ಮನೆಯಲ್ಲಿರಬೇಕು, ಐಕ್ಲೌಡ್ ಪ್ಲಸ್ ಚಂದಾ ಕೂಡ ಬೇಕು. ಗೂಗಲ್ ಅಥವಾ ಅಲೆಕ್ಸಾ ಆ್ಯಪಿನಲ್ಲಿ ಸುಮ್ಮನೆ ದೃಶ್ಯ ನೋಡಲು ಇಂಥ ಪೆಟ್ಟಿಗೆಯ ಅಗತ್ಯವಿಲ್ಲ.

ಮೂರನೆಯದು, ಕ್ಯಾಮೆರಾದ ಜೊತೆಗೆ ಉಗ್ರಾಣದ ಬಾಗಿಲಿಗೆ ಸೆನ್ಸರು, ಅಂಗಳಕ್ಕೆ ಸೈರನ್ ಕೂಡ ಹಾಕಿ, ಬಾಗಿಲು ತೆರೆದ ಕೂಡಲೇ ದೀಪ ಹತ್ತಿ ಸೈರನ್ ಕೂಗುವಂತೆ ಮಾಡುವ ಯೋಚನೆ. ಇಲ್ಲಿ ಹಬ್ ಉಪಯುಕ್ತ; ಆದರೆ ಅದು ಸೆನ್ಸರುಗಳಿಗಾಗಿಯೇ ಹೊರತು ಕ್ಯಾಮೆರಾಗಾಗಿ ಅಲ್ಲ. ಬೇರೆಬೇರೆ ಕಂಪನಿಗಳ ಕ್ಯಾಮೆರಾಗಳನ್ನು ಒಂದೇ ಕಡೆ ನೋಡಬೇಕೆಂಬ ಆಸೆಗೂ ಹಲವರು ಹಬ್ ಕೊಳ್ಳುತ್ತಾರೆ. ಆ ಕೆಲಸಕ್ಕೆ ಆನ್‌ವಿಫ್ ಎಂಬ ಮಾನದಂಡವಿದೆ. ಆಕ್ಸಿಸ್, ಬಾಷ್ ಮತ್ತು ಸೋನಿ ಸೇರಿ 2008ರಲ್ಲಿ ಆರಂಭಿಸಿದ್ದು ಅದು. ಕ್ಯಾಮೆರಾ ಮತ್ತು ಎನ್‌ವಿಆರ್ ಎರಡೂ ಆನ್‌ವಿಫ್ ಬೆಂಬಲಿಸಿದರೆ ಕಂಪನಿ ಬೇರೆಯಾದರೂ ಜೋಡಿಸಬಹುದು. ಸ್ಮಾರ್ಟ್ ಮನೆಗಳಿಗಾಗಿ 2022ರಲ್ಲಿ ಬಂದ ಮ್ಯಾಟರ್ ಮಾನದಂಡದಲ್ಲಿ ಕ್ಯಾಮೆರಾಗಳಿಗೆ ಜಾಗ ಸಿಕ್ಕಿದ್ದು 2025ರ ನವೆಂಬರಿನ 1.5ನೇ ಆವೃತ್ತಿಯಲ್ಲಿ, ಆದ್ದರಿಂದ ಅದರ ಭರವಸೆಯಲ್ಲಿ ಈಗಲೇ ಹಬ್ ಕೊಂಡಿಡುವುದನ್ನು ನಾನು ಒಪ್ಪುವುದಿಲ್ಲ.

ಹೆಜ್ಜೆ 1: ಏನನ್ನು ನೋಡಬೇಕೆಂದು ಮೊದಲು ತೀರ್ಮಾನಿಸಿ

ಒಂದು ಹಾಳೆಯಲ್ಲಿ ಮನೆ, ಅಂಗಳ, ಕೊಟ್ಟಿಗೆ, ದಣಪೆ, ಅಡಿಕೆ ಬೇಯಿಸುವ ಒಲೆ, ಉಗ್ರಾಣ ಎಲ್ಲವನ್ನೂ ಬರೆದುಕೊಳ್ಳಿ. ಪ್ರತಿ ಜಾಗದ ಪಕ್ಕದಲ್ಲಿ, ಅಲ್ಲಿ ಯಾರೋ ಓಡಾಡಿದ್ದು ಗೊತ್ತಾದರೆ ಸಾಕೋ ಅಥವಾ ಮುಖ ಗುರುತು ಸಿಗಬೇಕೋ ಎಂದು ಗುರುತು ಹಾಕಿ. ಈ ವ್ಯತ್ಯಾಸ ದೊಡ್ಡದು. ಅಪರಿಚಿತರ ಮುಖವನ್ನು ಖಚಿತವಾಗಿ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. ಯಾರೋ ಇದ್ದಾರೆಂದು ತಿಳಿಯಲು 25 ಸಾಕು. 1080ಪಿ ಚಿತ್ರದ ಅಗಲ 1920 ಪಿಕ್ಸೆಲ್. ಭಾಗಿಸಿ ನೋಡಿದರೆ ಮುಖ ಗುರುತಿಸಬಹುದಾದ ದೃಶ್ಯದ ಅಗಲ ಸುಮಾರು 7.7 ಮೀಟರ್ ಮಾತ್ರ. ಇಪ್ಪತ್ತು ಮೀಟರ್ ಅಗಲದ ಅಂಗಳವನ್ನು ಒಂದೇ ಕ್ಯಾಮೆರಾದಲ್ಲಿ ತುಂಬಿಸಿದರೆ ಕಳ್ಳ ಬಂದದ್ದು ಕಾಣುತ್ತದೆ, ಯಾರೆಂದು ಕಾಣುವುದಿಲ್ಲ. ಅಂಗಳಕ್ಕೆ ಒಂದು ಅಗಲ ನೋಟದ ಕ್ಯಾಮೆರಾ, ದಣಪೆಯ ಬಳಿ ಇಕ್ಕಟ್ಟಾದ ದಾರಿಗೆ ಮುಖದೆತ್ತರದಿಂದ ಸ್ವಲ್ಪವೇ ಮೇಲೆ ಇನ್ನೊಂದು, ಹೀಗೆ ಹಂಚಿಕೊಳ್ಳುವುದು ಸರಿಯಾದ ಕ್ರಮ. ಬಂದವರು ಆ ಇಕ್ಕಟ್ಟಿನಲ್ಲೇ ದಾಟಬೇಕಾಗುತ್ತದೆ.

ಹೆಜ್ಜೆ 2: ಕ್ಯಾಮೆರಾ ಕೊಳ್ಳುವ ಮೊದಲು ಸಿಗ್ನಲ್ ನೋಡಿ

ಹಳೆಯ ಮಲೆನಾಡ ಮನೆಗಳ ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇರುವುದುಂಟು. ಜಂಬಿಟ್ಟಿಗೆಯ ಗೋಡೆಯೂ ಮಳೆಗಾಲದಲ್ಲಿ ನೀರು ಹೀರಿ ಒದ್ದೆಯಾಗಿರುತ್ತದೆ. ವೈ-ಫೈ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ತಗಡು ಹಿಂದಕ್ಕೆ ಎಸೆಯುತ್ತದೆ. ಬೇಸಿಗೆಯಲ್ಲಿ ಜಗಲಿಯ ರೂಟರಿನಿಂದ ಕೊಟ್ಟಿಗೆಯವರೆಗೆ ಚೆನ್ನಾಗಿ ಸಿಗುತ್ತಿದ್ದ ಸಿಗ್ನಲ್ ಆರಿದ್ರ ಮಳೆ ಹಿಡಿದ ಮೇಲೆ ಕುಸಿಯುವುದು ಇದರಿಂದ. ನಡುವೆ ಮರಗಿಡಗಳಿದ್ದರೆ ಒದ್ದೆ ಎಲೆಗಳೂ ಅಡ್ಡಿಯೇ.

ಪರೀಕ್ಷೆ ಸುಲಭ. ರಾತ್ರಿ ಎಲ್ಲ ಬಾಗಿಲುಗಳನ್ನೂ ಮುಚ್ಚಿಸಿ, ಫೋನಿನ ಮೊಬೈಲ್ ಡೇಟಾ ಆರಿಸಿ, ವೈ-ಫೈ ಮಾತ್ರ ಇಟ್ಟುಕೊಂಡು, ಕ್ಯಾಮೆರಾ ಕೂರಿಸಬೇಕೆಂದ ಜಾಗದಲ್ಲಿ ನಿಂತು ಮನೆಯವರೊಬ್ಬರಿಗೆ ವಿಡಿಯೋ ಕರೆ ಮಾಡಿ ಐದು ನಿಮಿಷ ಮಾತನಾಡಿ. ಫೋನನ್ನು ಎದೆಯ ಹತ್ತಿರ ಹಿಡಿದರೆ ಸಾಲದು. ಕೈ ಚಾಚಿ ಸೂರಿನ ಅಡಿಯವರೆಗೆ ಎತ್ತಿ ಹಿಡಿಯಬೇಕು, ಏಕೆಂದರೆ ಕ್ಯಾಮೆರಾ ಇರುವುದು ಅಲ್ಲಿ. ಚಿತ್ರ ನಿಂತು ನಿಂತು ಬಂದರೆ ಆ ಜಾಗಕ್ಕೆ ವೈ-ಫೈ ಸಾಲದು ಎಂದೇ ಲೆಕ್ಕ. ಸಿಗ್ನಲ್ ಅಳೆಯುವ ಆ್ಯಪ್ ಬಳಸುವವರಿಗೆ ಮೈನಸ್ 65 ಡಿಬಿಎಂ ಆಸುಪಾಸು ಒಳ್ಳೆಯದು. ಮೈನಸ್ 75ಕ್ಕಿಂತ ಕೆಳಗಿಳಿದರೆ ನಂಬಬೇಡಿ.

ಕಡಿಮೆ ಬೆಲೆಯ ಬಹಳಷ್ಟು ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. ರೂಟರು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿದ್ದರೆ ಕ್ಯಾಮೆರಾ ಜೋಡಿಸುವಾಗ ಪದೇಪದೇ ವಿಫಲವಾಗಬಹುದು. ಎರಡಕ್ಕೂ ಬೇರೆ ಹೆಸರು ಕೊಟ್ಟರೆ ಆ ತೊಡಕು ಬಿಡುತ್ತದೆ. ಹಬ್ ಇಲ್ಲದ್ದರಿಂದಲೇ ಕ್ಯಾಮೆರಾ ಸೇರುತ್ತಿಲ್ಲ ಎಂದು ಹೇಳುವ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ಕಾರಣ ಇದೇ ಆಗಿರುತ್ತದೆ. ಇನ್ನು ದೂರದ ಕೊಟ್ಟಿಗೆಗೆ ವೈ-ಫೈ ತಲುಪಿಸಲು ರಿಪೀಟರ್ ಹಾಕುವುದಕ್ಕಿಂತ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದದ್ದನ್ನು ವೈ-ಫೈಯಾಗಿ ಬಿತ್ತರಿಸುವ ಪೆಟ್ಟಿಗೆ) ಇಡುವುದು ಉತ್ತಮ. ರಿಪೀಟರ್ ತಾನು ಕೇಳಿದ್ದನ್ನೇ ಮತ್ತೆ ಹೇಳುತ್ತದೆ. ಅದಕ್ಕೇ ಸರಿಯಾಗಿ ಕೇಳಿಸದಿದ್ದರೆ ಪ್ರಯೋಜನವಿಲ್ಲ.

ಹೆಜ್ಜೆ 3: ಮೂರಕ್ಕಿಂತ ಹೆಚ್ಚು ಕ್ಯಾಮೆರಾಗಳಾದರೆ ತಂತಿಯನ್ನೇ ಆರಿಸಿ

ಒಂದೆರಡು ಕ್ಯಾಮೆರಾ, ಅದೂ ಜಗಲಿ ಮತ್ತು ಮುಂಬಾಗಿಲಿಗಾದರೆ ವೈ-ಫೈ ಸಾಕು. ನಾಲ್ಕಾರು ಕಡೆ ಬೇಕೆಂದರೆ ಪಿಒಇ ಕ್ಯಾಮೆರಾ ಮತ್ತು ಎನ್‌ವಿಆರ್ ನನ್ನ ಸ್ಪಷ್ಟ ಆಯ್ಕೆ. ಪಿಒಇಯಲ್ಲಿ ಒಂದೇ ಲ್ಯಾನ್ ಕೇಬಲಿನಲ್ಲಿ ಕರೆಂಟೂ ಹೋಗುತ್ತದೆ, ವಿಡಿಯೋವೂ ಬರುತ್ತದೆ. 2003ರಲ್ಲಿ ಬಂದ ಮೊದಲ ಮಾನದಂಡದ ಪ್ರಕಾರ ಪ್ರತಿ ಪೋರ್ಟಿನಿಂದ 15.4 ವ್ಯಾಟ್ ಸಿಗುತ್ತದೆ. ಮನೆಬಳಕೆಯ ಸಾಮಾನ್ಯ ಕ್ಯಾಮೆರಾಗೆ ಅದು ಧಾರಾಳ. ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಎನ್‌ವಿಆರ್ ಇದ್ದರೆ ಹಬ್ಬಿನ ಪ್ರಶ್ನೆಯೇ ಏಳುವುದಿಲ್ಲ.

ಕೇಬಲಿನಲ್ಲಿ ಉಳಿತಾಯ ಮಾಡಬೇಡಿ. ಪೂರ್ತಿ ತಾಮ್ರದ ತಂತಿ ಇರುವ, ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ ಕೇಳಿ ತನ್ನಿ. ಮೆತ್ತಿನ ಮೇಲೆ ಹಾಯಿಸುವಾಗ ಪಿವಿಸಿ ಕೊಳವೆಯೊಳಗೆ ಹಾಕಿ. ಇಲಿಗಳು ಕೇಬಲನ್ನು ಕಡಿಯುತ್ತವೆ, ಹೊರಗೆ ಜೋತುಬಿದ್ದ ತಂತಿಯನ್ನು ಮಂಗಗಳು ಎಳೆಯದೆ ಬಿಡುವುದಿಲ್ಲ.

ಹೆಜ್ಜೆ 4: ದೃಶ್ಯ ಎಲ್ಲಿ ಉಳಿಯಬೇಕು?

ಕ್ಲೌಡಿನಲ್ಲಿ, ಎಂದರೆ ಇಂಟರ್‌ನೆಟ್ ಮೂಲಕ ಕಂಪನಿಯ ಕಂಪ್ಯೂಟರುಗಳಲ್ಲಿ, ಉಳಿಸುವುದಾದರೆ ಅಪ್‌ಲೋಡ್ ವೇಗ ಮುಖ್ಯ. ನಾಲ್ಕು ಕ್ಯಾಮೆರಾಗಳು ನಿರಂತರವಾಗಿ ಕಳುಹಿಸಿದರೆ ತಲಾ 2ರಂತೆ 8 ಮೆಗಾಬಿಟ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಸರಿಪಡಿಸಲು ದಿನಗಳೇ ಹಿಡಿಯುವ ನಮ್ಮ ಕಡೆ ಕ್ಲೌಡನ್ನೇ ನಂಬಿ ಕೂರುವುದು ಸಲ್ಲದು. ಕ್ಯಾಮೆರಾದೊಳಗಿನ ಮೈಕ್ರೋ ಎಸ್‌ಡಿ ಕಾರ್ಡಿಗಾಗಲಿ ಎನ್‌ವಿಆರಿಗಾಗಲಿ ರೆಕಾರ್ಡಿಂಗ್‌ಗೆ ಇಂಟರ್‌ನೆಟ್ ಬೇಕಿಲ್ಲ. ಇಂಟರ್‌ನೆಟ್ ಬೇಕಾಗುವುದು ದೂರದಿಂದ ನೋಡಲು ಮತ್ತು ಫೋನಿಗೆ ಎಚ್ಚರಿಕೆ ಬರಲು.

2 ಮೆಗಾಬಿಟ್ ವೇಗದಲ್ಲಿ ಒಂದು ಕ್ಯಾಮೆರಾ ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ ತುಂಬುತ್ತದೆ. 128 ಜಿಬಿ ಕಾರ್ಡಿನಲ್ಲಿ ಸುಮಾರು ಆರು ದಿನದ ದೃಶ್ಯ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 2 ಟಿಬಿ ಡಿಸ್ಕ್ ಸುಮಾರು 23 ದಿನ ಬರುತ್ತದೆ. ಎಚ್.265 ಎಂಬ ಸಂಕುಚನ ಕ್ರಮವಿದ್ದರೆ ಹೆಚ್ಚುಕಡಿಮೆ ಅರ್ಧ ಜಾಗ ಉಳಿಯುತ್ತದೆ. ಕಾರ್ಡ್ ಕೊಳ್ಳುವಾಗ ಹೈ ಎಂಡ್ಯೂರೆನ್ಸ್ ಎಂದು ಬರೆದದ್ದನ್ನೇ ಕೊಳ್ಳಿ. ಫೋನಿಗೆಂದು ಮಾಡಿದ ಸಾಮಾನ್ಯ ಕಾರ್ಡು ಹಗಲಿರುಳು ಬರೆಯುವ ಕೆಲಸಕ್ಕೆ ಬಾಳುವುದಿಲ್ಲ. ಕ್ಯಾಮೆರಾ ಕೈಗೆಟಕುವ ಎತ್ತರದಲ್ಲಿದ್ದರೆ ಕಳ್ಳರು ಅದನ್ನೇ ಕಾರ್ಡಿನ ಸಮೇತ ಕಿತ್ತೊಯ್ಯುತ್ತಾರೆಂಬುದೂ ನೆನಪಿರಲಿ. ಎನ್‌ವಿಆರನ್ನು ಒಳಕೋಣೆಯ ಕಪಾಟಿನಲ್ಲಿ, ಗಾಳಿಯಾಡುವಂತೆ, ಕಣ್ಣಿಗೆ ಬೀಳದಂತೆ ಇಡಿ.

ಹೆಜ್ಜೆ 5: ಕರೆಂಟು ಹೋದಾಗಲೇ ಕ್ಯಾಮೆರಾ ಬೇಕಾಗುವುದು

ಎನ್‌ವಿಆರ್ ಸುಮಾರು 20 ವ್ಯಾಟ್, ರೂಟರು 10, ನಾಲ್ಕು ಕ್ಯಾಮೆರಾಗಳು ತಲಾ 5ರಂತೆ 20. ಒಟ್ಟು 50 ವ್ಯಾಟ್. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಬ್ಯಾಟರಿಯ ಆಯುಷ್ಯಕ್ಕಾಗಿ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಕಳೆದರೆ, ಬೇರೇನೂ ಉರಿಸದಿದ್ದಲ್ಲಿ ಸುಮಾರು 15 ಗಂಟೆ ನಡೆಯುತ್ತದೆ. ಫ್ಯಾನು, ದೀಪ ಸೇರಿದರೆ ಅಷ್ಟು ಕಡಿಮೆ. ಪಿಒಇಯ ದೊಡ್ಡ ಲಾಭ ಕಾಣುವುದು ಇಲ್ಲಿಯೇ: ಎಲ್ಲ ಕ್ಯಾಮೆರಾಗಳಿಗೂ ಕರೆಂಟು ಒಂದೇ ಕಡೆಯಿಂದ ಹೋಗುವುದರಿಂದ ಆ ಒಂದು ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿದರೆ ಮುಗಿಯಿತು. ವೈ-ಫೈ ಕ್ಯಾಮೆರಾಗಳಾದರೆ ಪ್ರತಿಯೊಂದರ ಪ್ಲಗ್ ಪಾಯಿಂಟೂ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಮೇನ್ ಸ್ವಿಚ್ ಆರಿಸಿ ನೋಡಬೇಕು. ಇನ್ವರ್ಟರ್ ಇಲ್ಲದ ಮನೆಯಲ್ಲಿ ರೂಟರಿಗೂ ಕ್ಯಾಮೆರಾಗೂ ಅವುಗಳ ವೋಲ್ಟೇಜಿಗೆ ಹೊಂದುವ ಮಿನಿ ಯುಪಿಎಸ್ ತಂದಿಡಿ.

ಕರೆಂಟೇ ಇಲ್ಲದ ತೋಟದ ಮನೆಗೆ ಸೌರಫಲಕವಿರುವ 4ಜಿ ಸಿಮ್ ಕ್ಯಾಮೆರಾ ಒಂದು ದಾರಿ. ಅದಕ್ಕೂ ಹಬ್ ಬೇಡ, ರೂಟರೂ ಬೇಡ. ಆದರೆ ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲನ್ನು ನಂಬಲಾಗದು, ಅಡಿಕೆ ಮರದ ನೆರಳಂತೂ ಸದಾ ಇರುತ್ತದೆ. ದೊಡ್ಡ ಫಲಕವಿರುವ ಮಾದರಿಯನ್ನು ಆರಿಸಿ, ಮಳೆಗಾಲದಲ್ಲಿ ಆಗಾಗ ಕೈಯಿಂದ ಚಾರ್ಜ್ ಮಾಡಲು ಸಿದ್ಧರಿರಿ.

ಹೆಜ್ಜೆ 6: ಮಳೆ, ಸಿಡಿಲು ಮತ್ತು ಜೇಡರ ಬಲೆ

ಐಪಿ66 ಎಂದರೆ ಧೂಳು ಹೋಗದು, ರಭಸದ ನೀರೂ ಒಳಹೋಗದು ಎಂದರ್ಥ. ಆದರೆ ಗಾಳಿಯ ತೇವ ಒಳಗೆ ಸೇರಿ ಗಾಜಿನ ಮೇಲೆ ಮಂಜು ಕಟ್ಟುವುದಕ್ಕೆ ಅದು ಉತ್ತರವಲ್ಲ. ನಮ್ಮಲ್ಲಿ ಮೊದಲು ಹಾಳಾಗುವುದು ಕ್ಯಾಮೆರಾ ಅಲ್ಲ, ಅದರ ಬಾಲದ ಕನೆಕ್ಟರು. ಕನೆಕ್ಟರನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಕೇಬಲ್ ಡಬ್ಬಿಯನ್ನು ಸೇರುವ ಮೊದಲು ಒಂದು ಗೇಣು ಕೆಳಗೆ ಬಾಗಿ ಮೇಲೇರುವಂತೆ ಮಾಡಿ. ತಂತಿಯಗುಂಟ ಹರಿದು ಬರುವ ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ.

ರಾತ್ರಿ ನೋಟಕ್ಕಾಗಿ ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಹತ್ತಿರದ ಸೂರಿನ ಅಂಚಿಗೆ ಅಥವಾ ಗೋಡೆಗೆ ಬಡಿದು ಮರಳಿದರೆ ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ. ಕ್ಯಾಮೆರಾವನ್ನು ಸೂರಿನ ಅಡಿ ತೀರ ಒಳಕ್ಕೆ ತಳ್ಳದೆ, ಅಂಚು ದೃಶ್ಯದಲ್ಲಿ ಬಾರದಂತೆ ಕೂರಿಸಿ. ರಾತ್ರಿ ಕ್ಯಾಮೆರಾದ ಹತ್ತಿರ ಹುಳಗಳು ಬರುತ್ತವೆ, ಹುಳಗಳಿಗಾಗಿ ಜೇಡ ಬರುತ್ತದೆ. ಗಾಜಿನ ಮುಂದೆ ಒಂದೇ ಒಂದು ನೂಲು ತೂಗಾಡಿದರೂ ರಾತ್ರಿಯಿಡೀ ಚಲನೆಯ ಎಚ್ಚರಿಕೆ ಬಡಿಯುತ್ತಿರುತ್ತದೆ, ಮೂರನೆಯ ದಿನ ಮನೆಯವರು ಎಚ್ಚರಿಕೆಯನ್ನೇ ಆರಿಸಿಬಿಡುತ್ತಾರೆ. ವಾರಕ್ಕೊಮ್ಮೆ ಉದ್ದ ಕೋಲಿನ ತುದಿಗೆ ಮೆತ್ತನೆಯ ಬಟ್ಟೆ ಕಟ್ಟಿ ಒರೆಸುವುದು ರೂಢಿಯಾಗಬೇಕು.

ಭರಣಿ, ಕೃತ್ತಿಕಾ ಮಳೆಗಳ ಗುಡುಗು ಸಿಡಿಲು ಇನ್ನೂ ಅಪಾಯಕಾರಿ. ಮನೆಯಿಂದ ಕೊಟ್ಟಿಗೆಗೋ ಉಗ್ರಾಣಕ್ಕೋ ಬಯಲಿನಲ್ಲಿ ಎಳೆದ ತಾಮ್ರದ ಕೇಬಲ್, ಹತ್ತಿರದಲ್ಲಿ ಸಿಡಿಲು ಬಡಿದಾಗ ಹುಟ್ಟುವ ವೋಲ್ಟೇಜನ್ನು ಎನ್‌ವಿಆರಿನವರೆಗೂ ತರುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕುವುದು ಇದಕ್ಕೆ ಅತ್ಯುತ್ತಮ ಪರಿಹಾರ, ಏಕೆಂದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಎಳೆ ಇಲ್ಲದ ಫೈಬರನ್ನೇ ಕೇಳಿ. ಅದಾಗದಿದ್ದರೆ ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಅಳೆಸಿ ನೋಡಿ. ಅರ್ಥಿಂಗ್ ಇಲ್ಲದ ಕಡೆ ಸರ್ಜ್ ಪ್ರೊಟೆಕ್ಟರಿನಿಂದ ಪೂರ್ಣ ರಕ್ಷಣೆ ಸಿಗದು.

ಹೆಜ್ಜೆ 7: ಪಾಸ್‌ವರ್ಡು ಮತ್ತು ನೆರೆಹೊರೆ

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಅಪಾರ ಸಂಖ್ಯೆಯ ಕ್ಯಾಮೆರಾ ಮತ್ತು ಡಿವಿಆರುಗಳೊಳಗೆ ಹೊಕ್ಕಿದ್ದು, ಅವುಗಳಲ್ಲಿ ಕಾರ್ಖಾನೆಯ ಪಾಸ್‌ವರ್ಡು ಹಾಗೆಯೇ ಉಳಿದಿದ್ದರಿಂದ. ಆದ್ದರಿಂದ ಅಳವಡಿಸಲು ಬಂದವರು ಹೊರಡುವ ಮೊದಲೇ ಪಾಸ್‌ವರ್ಡನ್ನು ನೀವೇ ಬದಲಿಸಿ. ಖಾತೆಯನ್ನು ಅವರ ಫೋನ್ ಸಂಖ್ಯೆಯಲ್ಲಿ ತೆರೆಯಲು ಬಿಡಬೇಡಿ. ಎರಡು ಹಂತದ ದೃಢೀಕರಣ ಇದ್ದರೆ ಅದನ್ನು ಚಾಲೂ ಮಾಡಿ, ದೂರದಿಂದ ನೋಡಲೆಂದು ರೂಟರಿನಲ್ಲಿ ಪೋರ್ಟ್ (ಹೊರಗಿನ ಇಂಟರ್‌ನೆಟ್ಟಿನಿಂದ ನೇರವಾಗಿ ಒಳಬರುವ ದಾರಿ) ತೆರೆಯಲು ಹೇಳಿದರೆ ಒಪ್ಪಬೇಡಿ. ಮಕ್ಕಳಿಗೆ ನೋಡಲು ಪಾಸ್‌ವರ್ಡ್ ಹಂಚುವ ಬದಲು ಆ್ಯಪಿನ ಹಂಚಿಕೆ ಸೌಲಭ್ಯವನ್ನು ಬಳಸಿ. ಭಾರತದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಆ ಮಾದರಿಗೆ ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ಪಕ್ಕದ ಮನೆಯ ಬಾವಿಕಟ್ಟೆ, ಬಚ್ಚಲು, ಕಿಟಕಿ ನಿಮ್ಮ ದೃಶ್ಯದಲ್ಲಿ ಬರಬಾರದು. ಕ್ಯಾಮೆರಾ ತಿರುಗಿಸಲಾಗದಿದ್ದರೆ ಆ್ಯಪಿನಲ್ಲಿ ಆ ಭಾಗವನ್ನು ಕಪ್ಪಾಗಿಸುವ ಸೌಲಭ್ಯವಿರುತ್ತದೆ, ಅದನ್ನು ಬಳಸಿ ನೆರೆಯವರಿಗೆ ತೋರಿಸಿ. ಅಡಿಕೆ ಸುಲಿಯಲು ಬರುವವರಿಗೂ ಕ್ಯಾಮೆರಾ ಎಲ್ಲಿದೆ ಎಂಬುದನ್ನು ಮೊದಲೇ ಹೇಳಬೇಕು, ಕದ್ದು ನೋಡಿದಂತಾಗಬಾರದು.

ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿ, ಫೈಬರ್ ಕೇಬಲನ್ನು ರೂಟರಿನಿಂದ ಬಿಡಿಸಿ, ಮನೆಯವರೊಬ್ಬರನ್ನು ದಣಪೆಯಿಂದ ಅಂಗಳದವರೆಗೆ ನಡೆಸಿ. ಬೆಳಿಗ್ಗೆ ಕಾರ್ಡು ಅಥವಾ ಎನ್‌ವಿಆರ್ ತೆರೆದು, ಆ ನಡಿಗೆ ಸರಿಯಾದ ಸಮಯದೊಂದಿಗೆ ಸಿಗುತ್ತದೆಯೇ, ಮುಖ ಗುರುತು ಹಿಡಿಯುತ್ತದೆಯೇ ಎಂದು ನೋಡಿ. ಸಿಗದಿದ್ದರೆ ಕೊರತೆ ಇರುವ ಹೆಜ್ಜೆಗೆ ಮರಳಿ, ಸರಿಪಡಿಸಿ, ಮತ್ತೆ ಪರೀಕ್ಷಿಸಿ. ಇದೇ ಪರೀಕ್ಷೆಯನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಅಡಿಕೆ ಕೊಯ್ಲಿಗೆ ಮೊದಲು ಇನ್ನೊಮ್ಮೆ ಮಾಡಿ.